ಕ್ಯಾಂಪರ್ ವ್ಯಾನಿನ ರೇಡಿಯೇಟರ್ ಸೋರುತ್ತಿದೆಯೇ? ಅಂಗಳದಲ್ಲೇ ಬದಲಿಸಿಕೊಳ್ಳಿ

ಮಳೆಗಾಲ ಮುಗಿದು ದಸರಾ ರಜೆ ಹತ್ತಿರವಾಯಿತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ‘ವ್ಯಾನಿನ ಮೂತಿ ಕೆಳಗೆ ಹಸಿರು ನೀರು ಬೀಳ್ತಾ ಉಂಟು, ದೇವಿಮನೆ ಘಟ್ಟ ಹತ್ತುವಾಗ ಟೆಂಪರೇಚರ್ ಸೂಜಿ ಮೇಲೆ ಹೋಗ್ತದೆ, ರೇಡಿಯೇಟರ್ ನಾವೇ ಬದಲಿಸಬಹುದಾ?’ ಬದಲಿಸಬಹುದು. ಬಿಚ್ಚಿದ ಸ್ಕ್ರೂವನ್ನು ಬಿಚ್ಚಿದ ಜಾಗಕ್ಕೇ ಹಾಕುವ ತಾಳ್ಮೆ ಇದ್ದವರಿಗೆ ಇದು ಒಂದು ದಿನದ ಕೆಲಸ. ಬಿಚ್ಚಿ ಕೂರಿಸುವುದರಲ್ಲಿ ಎಡವುವವರು ಕಡಿಮೆ. ಎಡವುವುದು ಎರಡು ಕಡೆ: ಸೋರುತ್ತಿರುವುದು ರೇಡಿಯೇಟರೇ ಹೌದೋ ಎಂದು ನೋಡದೆ ಪಾನೆ ಹಿಡಿಯುವಲ್ಲಿ, ಮತ್ತು ಕೊನೆಗೆ ಕೂಲಂಟ್ ತುಂಬುವಾಗ ಒಳಗೆ ಗಾಳಿ ಉಳಿಸಿಬಿಡುವಲ್ಲಿ. ಆ ಎರಡನ್ನು ಉದ್ದ ಬರೆದಿದ್ದೇನೆ, ನಡುವಿನದು ಚುಟುಕು.

ನನ್ನದು ಹಳೆಯ ಡೀಸೆಲ್ ವ್ಯಾನು. ಸೀಟು ಕಿತ್ತು ಹಾಸಿಗೆ, ಸಿಂಕು, ನೀರಿನ ಟ್ಯಾಂಕು ಕೂರಿಸಿದ ಗಾಡಿ. ಕುಮಟಾದ ಮನೆಯಂಗಳದಲ್ಲಿ ಅದರ ರೇಡಿಯೇಟರನ್ನು ಎರಡು ಸಲ ಬದಲಿಸಿದ್ದೇನೆ. ನಿಮ್ಮ ಗಾಡಿಯಲ್ಲಿ ಬೋಲ್ಟುಗಳ ಜಾಗ ಬೇರೆ ಇರಬಹುದು, ಕೆಲಸದ ಕ್ರಮ ಇದೇ.

ಮೊದಲು ಎರಡು ಮಾತು. ರೇಡಿಯೇಟರ್ ಎಂದರೆ ಎಂಜಿನ್ನಿನ ಬಿಸಿ ನೀರನ್ನು ಸಣ್ಣ ಕೊಳವೆಗಳಲ್ಲಿ ಹಾಯಿಸಿ ಗಾಳಿಗೆ ತಣಿಸುವ ಜಾಲರಿ. ಈಗಿನವುಗಳಲ್ಲಿ ಜಾಲರಿ ಅಲ್ಯೂಮಿನಿಯಂ, ಎರಡು ತುದಿಯ ಟ್ಯಾಂಕು ಪ್ಲಾಸ್ಟಿಕ್. ನಡುವೆ ರಬ್ಬರ್ ವಾಷರ್ ಇಟ್ಟು ತಗಡಿನ ಅಂಚನ್ನು ಮಡಚಿ ಬಿಗಿದಿರುತ್ತಾರೆ. ಹೆಚ್ಚಿನವು ಸೋರುವುದು ಈ ಮಡಿಕೆಯ ಸಾಲಿನಲ್ಲೇ. ಜಾಲರಿಯ ತೆಳು ರೆಕ್ಕೆಗಳನ್ನು ನಮ್ಮ ಕಡೆಯ ಉಪ್ಪುಗಾಳಿ ಹೊರಗಿನಿಂದ ತಿನ್ನುತ್ತದೆ. ಗೋಕರ್ಣದಲ್ಲೋ ಕಾರವಾರದಲ್ಲೋ ಮೂತಿಯನ್ನು ಸಮುದ್ರಕ್ಕೆ ಮಾಡಿ ವಾರಗಟ್ಟಲೆ ನಿಲ್ಲಿಸಿದ ಗಾಡಿಯ ಗ್ರಿಲ್ ಬಿಚ್ಚಿ ನೋಡಿ: ಕೆಳಗಿನ ಸಾಲುಗಳು ಬೂದು ಬಣ್ಣಕ್ಕೆ ತಿರುಗಿ, ಬೆರಳು ತಾಗಿದರೆ ಸುಟ್ಟ ಹಪ್ಪಳದ ಹಾಗೆ ಉದುರುತ್ತವೆ. ರೆಕ್ಕೆ ಉದುರಿದ ಜಾಲರಿ ಸೋರದಿದ್ದರೂ ತಣಿಸುವುದಿಲ್ಲ.

1. ಸೋರುತ್ತಿರುವುದು ಯಾವುದು ಎಂದು ಖಾತ್ರಿ ಮಾಡಿಕೊಳ್ಳಿ

ರಾತ್ರಿ ಗಾಡಿ ಪೂರ್ತಿ ತಣಿದ ಮೇಲೆ ಕೂಲಂಟ್ ಮಟ್ಟ ನೋಡಿ ತುಂಬಿಸಿ, ಮೂತಿಯ ಕೆಳಗೆ ಹಳೆಯ ದಿನಪತ್ರಿಕೆ ಹಾಸಿ, ಮೇಲೆ ನಾಲ್ಕು ಕಲ್ಲು ಇಡಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ, ಯಾವ ಬಣ್ಣ ಎಂದು ನೋಡಿ. ಕೂಲಂಟ್ ಎಂದರೆ ನೀರಿಗೆ ಬೆರೆಸುವ ಬಣ್ಣದ ದ್ರವ. ಕುದಿಯುವ ಬಿಂದುವನ್ನು ಏರಿಸಿ, ಒಳಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಕಲೆ ಹಸಿರು, ಕಿತ್ತಳೆ ಅಥವಾ ಗುಲಾಬಿ ಇದ್ದು ಮುಟ್ಟಿದರೆ ಜಿಗುಟಾದರೆ ಅದೇ. ರುಚಿ ನೋಡಬೇಡಿ. ಸಿಹಿ ಇರುತ್ತದೆ, ವಿಷವೂ ಹೌದು.

ಬಣ್ಣವಿಲ್ಲದ ನೀರಾದರೆ ಎಸಿಯದ್ದಿರಬಹುದು. ಕ್ಯಾಂಪರ್ ಗಾಡಿಗಳಲ್ಲಿ ಇನ್ನೊಂದು ತಮಾಷೆಯೂ ಇದೆ. ಒಬ್ಬರು ರೇಡಿಯೇಟರ್ ಬಿಚ್ಚಿ ಕೆಳಗಿಟ್ಟ ಮೇಲೆ ನನಗೆ ಫೋನ್ ಮಾಡಿದ್ದರು, ‘ಇನ್ನೂ ಸೋರ್ತಾ ಉಂಟು ಮಾರಾಯ್ರೆ’ ಎಂದು. ಸೋರುತ್ತಿದ್ದದ್ದು ಸಿಂಕಿನ ಪೈಪು. ಗಾಡಿ ಮುಂದಕ್ಕೆ ವಾಲಿ ನಿಂತಿದ್ದರಿಂದ ನೀರು ಚಾಸಿ ಹಿಡಿದು ಮೂತಿವರೆಗೆ ಬಂದಿತ್ತು.

ಬಣ್ಣದ ಕಲೆಯೇ ಆದರೆ ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ಸೋರಿದ ಕೂಲಂಟ್ ಒಣಗಿದರೆ ಬಿಳಿಯ ಅಥವಾ ಹಸಿರು ಹಕ್ಕಳೆ ಉಳಿಯುತ್ತದೆ. ಅದು ಪ್ಲಾಸ್ಟಿಕ್ ಟ್ಯಾಂಕಿನ ಮಡಿಕೆಯಲ್ಲೋ ಜಾಲರಿಯಲ್ಲೋ ಇದ್ದರೆ ರೇಡಿಯೇಟರ್ ಹೋಗಿದೆ. ಹೋಸ್ ಪೈಪಿನ ತುದಿಯಲ್ಲಿ ಮಾತ್ರ ಇದ್ದರೆ ಮೊದಲು ಹೊಸ ಕ್ಲಿಪ್ಪು ಹಾಕಿ ನೋಡಿ, ಅಲ್ಲಿಗೇ ಮುಗಿಯಬಹುದು. ಬೆಲ್ಟಿನ ಹಿಂದೆ, ವಾಟರ್ ಪಂಪಿನ ಹೊಟ್ಟೆಯಡಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಹೋದರೆ ನೀರು ಹೊರಗೆ ಬಂದು ನಿಮಗೆ ತಿಳಿಯಲಿ ಎಂದೇ ಇಟ್ಟ ತೂತು ಅದು. ಅಲ್ಲಿ ಒಸರಿದರೆ ಬದಲಿಸಬೇಕಾದದ್ದು ಪಂಪು. ಗಾಡಿಯೊಳಗೆ ಸಿಹಿ ವಾಸನೆ ಬಂದು ಮುಂದಿನ ಗಾಜಿಗೆ ಜಿಡ್ಡು ಮಂಜು ಹಿಡಿದರೆ ಅದು ಹೀಟರಿನ ಸೋರಿಕೆ.

ಎಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿ. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಎಂಜಿನ್ ಓಡುವಾಗ ರೇಡಿಯೇಟರಿನ ಬಾಯಲ್ಲಿ ನಿಲ್ಲದೆ ಗುಳ್ಳೆ ಏಳುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿರುವ ಶಂಕೆ. ಎಂಜಿನ್ನಿನ ತಲೆಗೂ ಬ್ಲಾಕಿಗೂ ನಡುವಿನ ಸೀಲ್ ಅದು. ಈ ಲೇಖನ ಇಲ್ಲಿಗೇ ಮಡಚಿಟ್ಟು ಗ್ಯಾರೇಜಿಗೆ ಹೋಗಿ. (ಈ ಗುಳ್ಳೆಯ ಪರೀಕ್ಷೆಗೆ ಮುಚ್ಚಳ ತೆರೆಯುವುದು ಎಂಜಿನ್ ತಣ್ಣಗಿರುವಾಗ, ಶುರು ಮಾಡುವ ಮೊದಲು.)

ಇನ್ನು ಅರಿಶಿನ. ಡ್ರೈವರುಗಳು ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿ ಸೋರಿಕೆ ನಿಲ್ಲಿಸುವುದು ಎಲ್ಲರಿಗೂ ಗೊತ್ತು, ನಿಲ್ಲುವುದೂ ನಿಜ. ಪುಡಿ ತೂತಿನಲ್ಲಿ ಕಚ್ಚಿಕೊಳ್ಳುತ್ತದೆ. ತೂತಿಲ್ಲದ ಕಡೆಯೂ ಕಚ್ಚಿಕೊಳ್ಳುತ್ತದೆ, ಕಷ್ಟ ಅಲ್ಲಿದೆ: ಸಣ್ಣ ಕೊಳವೆಗಳು, ಹೀಟರಿನ ನಾಳಗಳು ಕಟ್ಟುತ್ತವೆ. ಅಂಗಡಿಯ ಲೀಕ್ ಪುಡಿಗಳ ಕತೆಯೂ ಬಹುಮಟ್ಟಿಗೆ ಇದೇ. ಅರಬೈಲ್ ಘಟ್ಟದ ನಡುವೆ ರಾತ್ರಿ ಸಿಕ್ಕಿಬಿದ್ದರೆ ನಾನೂ ಹಾಕಿಯೇನು, ಮನೆ ಮುಟ್ಟಿದ ಮೇಲೆ ಅದರ ಮೇಲೆ ನಂಬಿಕೆ ಇಡಲಾರೆ.

2. ಸಾಮಾನು

ಹೊಸ ರೇಡಿಯೇಟರ್ ತರುವಾಗ ಮಾಡೆಲ್ ಹೆಸರು ಹೇಳಿದರೆ ಸಾಲದು. ಚಾಸಿ ನಂಬರ್, ಬಿಎಸ್-4ಗೋ ಬಿಎಸ್-6ಗೋ, ಎಸಿ ಇದೆಯೋ ಇಲ್ಲವೋ, ಇಷ್ಟೂ ಹೇಳಿ. ಒಂದೇ ಗಾಡಿಗೆ ಎಸಿ ಇರುವ, ಇಲ್ಲದ ಎರಡು ದಪ್ಪದ ಜಾಲರಿ ಬರುವುದುಂಟು. ಕ್ಯಾಂಪರಿಗೆ ಆಯ್ಕೆ ಇದ್ದರೆ ದಪ್ಪದ್ದನ್ನೇ ಕೇಳಿ, ಆದರೆ ಶ್ರೌಡ್ ಕೂರುತ್ತದೆಯೇ ಎಂದು ಖಾತ್ರಿ ಮಾಡಿಕೊಂಡು. ಶ್ರೌಡ್ ಎಂದರೆ ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ. ನಿಮ್ಮದು ಹಳೆಯ ತಾಮ್ರ-ಹಿತ್ತಾಳೆಯ ರೇಡಿಯೇಟರಾದರೆ ಬಿಸಾಡುವ ಮೊದಲು ರೇಡಿಯೇಟರ್ ಕೆಲಸದವರಿಗೆ ತೋರಿಸಿ. ಅದನ್ನು ಬೆಸುಗೆ ಹಾಕಿ ಉಳಿಸಬಹುದು. ಅಲ್ಯೂಮಿನಿಯಂ-ಪ್ಲಾಸ್ಟಿಕ್ಕಿನದ್ದಕ್ಕೆ ಹಣ ಹಾಕಿ ತೇಪೆ ಹಚ್ಚಿಸುವುದು ನನ್ನ ಮಟ್ಟಿಗೆ ದಂಡ.

ಜೊತೆಗೆ ಮೇಲಿನ ಮತ್ತು ಕೆಳಗಿನ ಹೋಸ್ ಪೈಪು, ಹೊಸ ಕ್ಲಿಪ್ಪುಗಳು, ಹೊಸ ಮುಚ್ಚಳ, ಕೂಲಂಟ್, ಡಿಸ್ಟಿಲ್ಡ್ ನೀರು. ಹಳೆಯ ಹೋಸನ್ನು ಹಿಂಡಿದಾಗ ಕರಕರ ಎಂದರೆ ಅದರ ಕಾಲ ಮುಗಿದಿದೆ. ಹತ್ಯಾರು: 8ರಿಂದ 17ರವರೆಗಿನ ಪಾನೆಗಳು, ಸಾಕೆಟ್ ಸೆಟ್ಟು, ಸ್ಕ್ರೂಡ್ರೈವರ್, ಪಕ್ಕಡ, ಅಗಲ ಬಾಯಿಯ ಟಬ್ಬು, ಅಳತೆ ಗುರುತಿರುವ 5 ಲೀಟರಿನ ಕ್ಯಾನು, ಕೈಗವಸು, ದೊಡ್ಡ ರಟ್ಟು ಒಂದೆರಡು. ತುಕ್ಕು ಬಿಡಿಸುವ ಸ್ಪ್ರೇಯನ್ನು ಹಿಂದಿನ ರಾತ್ರಿಯೇ ಎಲ್ಲ ಬೋಲ್ಟುಗಳಿಗೆ ಹೊಡೆದಿಡಿ. ಕರಾವಳಿಯಲ್ಲಿ ಬೋಲ್ಟು ತಲೆ ತುಂಡಾಗುವುದು ಅವಸರದವರ ಕೈಯಲ್ಲಿ.

ನೀರಿನ ಬಗ್ಗೆ ಒಂದು ಮಾತು. ಸಮುದ್ರಕ್ಕೆ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಸವಳು ಏರುತ್ತದೆ. ಆ ಉಪ್ಪು ಅಲ್ಯೂಮಿನಿಯಮ್ಮನ್ನು ಒಳಗಿನಿಂದ ತಿನ್ನುತ್ತದೆ. ಕೂಲಂಟಿಗೆ ಬೆರೆಸಲು ಅಂಗಡಿಯಲ್ಲಿ ‘ಬ್ಯಾಟರಿ ನೀರು’ ಎಂದು ಸಿಗುವ ಡಿಸ್ಟಿಲ್ಡ್ ನೀರೇ ಆಗಬೇಕು. ಪಕ್ಕದಲ್ಲೇ ಇಟ್ಟಿರುವ ಬ್ಯಾಟರಿ ಆಸಿಡ್ ಅಲ್ಲ, ಚೀಟಿ ಓದಿ ಕೊಳ್ಳಿ. ನೀರು ಬೆರೆಸಿಯೇ ಬರುವ ಕೂಲಂಟ್ ತಂದರೆ ಈ ರಗಳೆಯೇ ಇಲ್ಲ.

3. ಜಾಗ ಮತ್ತು ಹೊತ್ತು

ಗಟ್ಟಿ ನೆಲ, ಸಮತಟ್ಟು. ಬೀಚಿನ ಮರಳಿನಲ್ಲಿ ಈ ಕೆಲಸ ಬೇಡ. ನಟ್ಟು ಬಿದ್ದರೆ ಸಿಗದು, ಕೂಲಂಟ್ ಚೆಲ್ಲಿದರೆ ಮರಳಿಗೆ ಇಳಿಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಚಿರೆಕಲ್ಲಿನ ತುಂಡು ಕೊಡಿ. ಮನೆ ಸಾಮಾನು ತುಂಬಿದ ಗಾಡಿ ಬರಿಯ ಗೇರಿನ ಮೇಲೆ ನಿಲ್ಲುತ್ತದೆ ಎಂದುಕೊಳ್ಳಬೇಡಿ.

ಬೆಳಿಗ್ಗೆ ಗಾಡಿ ಶುರು ಮಾಡುವ ಮೊದಲೇ ಕೈ ಹಾಕಿ. ಬಿಸಿ ಎಂಜಿನ್ನಿನ ಮುಚ್ಚಳ ತೆರೆಯಬೇಡಿ ಎಂದು ಎಲ್ಲರೂ ಹೇಳುತ್ತಾರೆ, ಕಾರಣ ಗೊತ್ತಿದ್ದರೆ ಮರೆಯುವುದಿಲ್ಲ. ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ. ಅದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಒತ್ತಡ ಏರಬಹುದು ಎಂಬ ಮಿತಿ, ಬಾರ್ ಲೆಕ್ಕದಲ್ಲಿ. 0.9ರ ಒತ್ತಡದಲ್ಲಿ ಬರಿ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 118ರವರೆಗೆ ಸುಮ್ಮನಿರುತ್ತದೆ. 110 ಡಿಗ್ರಿ ಇರುವಾಗ ಮುಚ್ಚಳ ತಿರುಗಿಸಿದರೆ ಒತ್ತಡ ಹೋಯಿತು, ಅಷ್ಟೂ ನೀರು ಒಂದೇ ಸಲಕ್ಕೆ ಕುದಿದು ಮುಖಕ್ಕೆ ಹಾರುತ್ತದೆ. ಕುಕ್ಕರಿನ ಮುಚ್ಚಳವನ್ನು ಸೀಟಿ ಇಳಿಯುವ ಮೊದಲು ತೆಗೆದ ಹಾಗೆ.

4. ಎರಡೂ ಬ್ಯಾಟರಿ ಬಿಡಿಸಿ

ಕ್ಯಾಂಪರಿನಲ್ಲಿ ಗಾಡಿಯ ಬ್ಯಾಟರಿ ಒಂದು, ದೀಪ-ಫ್ರಿಜ್ಜುಗಳ ಬ್ಯಾಟರಿ ಇನ್ನೊಂದು, ಮೇಲೆ ಸೋಲಾರ್. ಮೊದಲು ಸೋಲಾರಿನ ಸ್ವಿಚ್ ಆಫ್ ಮಾಡಿ, ಆಮೇಲೆ ಎರಡೂ ಬ್ಯಾಟರಿಗಳ ನೆಗೆಟಿವ್ ವೈರ್ ಬಿಚ್ಚಿ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಎಲೆಕ್ಟ್ರಿಕ್ ಫ್ಯಾನ್ ತಾನಾಗಿ ತಿರುಗುತ್ತದೆ, ಬೆರಳು ಅಲ್ಲಿದ್ದರೆ ಅದಕ್ಕೆ ಗೊತ್ತಾಗದು.

5. ಕೂಲಂಟ್ ಇಳಿಸಿ, ಅಳೆಯಿರಿ

ಮುಚ್ಚಳ ತೆಗೆದು, ಕೆಳಗಿನ ಡ್ರೈನ್ ತಿರುಪು ಸಡಿಲಿಸಿ. ಪ್ಲಾಸ್ಟಿಕ್ ತಿರುಪು ಕಚ್ಚಿಕೊಂಡಿದ್ದರೆ ಜಗ್ಗಬೇಡಿ, ಕೆಳಗಿನ ಹೋಸಿನ ಕ್ಲಿಪ್ಪು ಬಿಚ್ಚಿದರೆ ಆಯಿತು. ಭರ್ರನೆ ಬರುತ್ತದೆ, ಟಬ್ಬು ಸರಿಯಾಗಿ ಇಟ್ಟಿರಿ. ಬೆಲ್ಟಿನ ಮೇಲೆ ಬೀಳದಂತೆ ಪ್ಲಾಸ್ಟಿಕ್ ಹೊದಿಸಿ.

ಇಳಿದ ಕೂಲಂಟನ್ನು ಕ್ಯಾನಿನಲ್ಲಿ ಅಳೆದು, ಎಷ್ಟು ಲೀಟರ್ ಎಂದು ಬಂಪರಿನ ಮೇಲೇ ಚಾಕಿನಲ್ಲಿ ಬರೆದಿಡಿ. ಈ ಒಂದು ಸಂಖ್ಯೆ ಕೊನೆಯಲ್ಲಿ ನಿಮ್ಮ ಎಂಜಿನ್ ಉಳಿಸುತ್ತದೆ. ಆಮೇಲೆ ಕ್ಯಾನಿಗೆ ಬಿರಡೆ ಹಾಕಿ ಎತ್ತರದಲ್ಲಿಡಿ. ನಾಯಿ, ಬೆಕ್ಕು, ದನ ಇದರ ಸಿಹಿಗೆ ಬಾಯಿ ಹಾಕಿ ಸಾಯುತ್ತವೆ. ಚರಂಡಿಗೆ, ತೋಟಕ್ಕೆ ಸುರಿಯಬೇಡಿ. ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ಕೇಳಿ ಕೊಟ್ಟುಬನ್ನಿ.

6. ಬಿಚ್ಚುವುದು

ಪ್ರತಿ ಹಂತಕ್ಕೂ ಮೊದಲು ಮೊಬೈಲಿನಲ್ಲಿ ಫೋಟೊ. ಗ್ರಿಲ್, ಮೇಲಿನ ಹೋಸು, ಓವರ್‌ಫ್ಲೋ ಪೈಪು, ಫ್ಯಾನಿನ ವೈರು, ಶ್ರೌಡು, ಕೆಳಗಿನ ಹೋಸು, ಕೊನೆಗೆ ರೇಡಿಯೇಟರಿನ ಮೇಲಿನ ಬೋಲ್ಟುಗಳು, ಈ ಕ್ರಮದಲ್ಲಿ ಹೋಗಿ. ಎಂಜಿನ್ನಿಗೇ ಕಟ್ಟಿದ ಫ್ಯಾನಾದರೆ ಶ್ರೌಡನ್ನು ಫ್ಯಾನಿನ ಮೇಲೆ ಹಿಂದಕ್ಕೆ ಸರಿಸಿದರೆ ಸಾಕಾಗಬಹುದು. ಫ್ಯಾನೇ ತೆಗೆಯಬೇಕಾದರೆ ಅದರ ನಡುವಿನ ದೊಡ್ಡ ನಟ್ಟು ಕೆಲವು ಎಂಜಿನ್ನುಗಳಲ್ಲಿ ಉಲ್ಟಾ ತಿರುಗಿಸಿ ಬಿಚ್ಚುವಂಥದ್ದು, ತಿಳಿದುಕೊಂಡು ಪಾನೆ ಹಾಕಿ. ಬಿಚ್ಚಿದ ಫ್ಯಾನನ್ನು ಮಲಗಿಸದೆ ನಿಲ್ಲಿಸಿಡಿ, ನಡುವಿನ ಕ್ಲಚ್ಚಿನೊಳಗೆ ಎಣ್ಣೆ ಇರುತ್ತದೆ.

ಹೋಸು ಕಚ್ಚಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಹೊಸದನ್ನು ತಂದಿದ್ದೀರಲ್ಲ, ಹಳೆಯದನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಸುಲಿದುಬಿಡಿ. ಎಂಜಿನ್ ಕಡೆಯ ಕೊಳವೆಗೆ ಬ್ಲೇಡಿನ ಗೀರು ಬೀಳದಂತೆ ನೋಡಿಕೊಳ್ಳಿ.

ರೇಡಿಯೇಟರಿನ ಮುಂದೆ ಅದೇ ಅಳತೆಯ ಇನ್ನೊಂದು ಜಾಲರಿ ಕಂಡರೆ ಅದು ಎಸಿಯ ಕಂಡೆನ್ಸರ್. ಅದರ ಪೈಪುಗಳಲ್ಲಿ ಒತ್ತಡದ ಗ್ಯಾಸ್ ಇದೆ, ಅವುಗಳ ನಟ್ಟಿಗೆ ಪಾನೆ ತಾಗಿಸಲೇಬೇಡಿ. ಬ್ರ್ಯಾಕೆಟ್ ಮಾತ್ರ ಬಿಚ್ಚಿ, ಹಗ್ಗದಲ್ಲಿ ಮುಂದಕ್ಕೆ ಕಟ್ಟಿಡಿ. ಟರ್ಬೊ ಗಾಡಿಯಲ್ಲಿ ಇಂಟರ್‌ಕೂಲರ್, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಜಾಲರಿಯೂ ಇರುತ್ತದೆ. ಅದರ ರಬ್ಬರ್ ಪೈಪು ಬಿಚ್ಚಿದರೆ ಬಾಯಿಗೆ ಬಟ್ಟೆ ತುರುಕಿ. ಆಟೊಮ್ಯಾಟಿಕ್ ಗೇರಿನ ಕೆಲವು ಗಾಡಿಗಳಲ್ಲಿ ರೇಡಿಯೇಟರಿಗೆ ಇನ್ನೆರಡು ಸಣ್ಣ ಪೈಪು ಬರುತ್ತವೆ, ಅದರಲ್ಲಿರುವುದು ಗೇರ್ ಎಣ್ಣೆ. ಆ ಬಾಯಿಗಳನ್ನೂ ಮುಚ್ಚಿ, ಕೊನೆಗೆ ಎಣ್ಣೆ ಮಟ್ಟ ನೋಡಲು ಮರೆಯಬೇಡಿ.

ರೇಡಿಯೇಟರನ್ನು ಇಬ್ಬರು ಸೇರಿ ನೇರ ಮೇಲಕ್ಕೆತ್ತಿ. ತಳದಲ್ಲಿ ಎರಡು ಗೂಟಗಳು ರಬ್ಬರ್ ಬುಷ್ಷಿನೊಳಗೆ ಕೂತಿರುತ್ತವೆ. ಬುಷ್ಷು ಕೆಳಗೆ ಬಿದ್ದುಹೋಗುತ್ತದೆ, ಹುಡುಕಿ ತೆಗೆದಿಡಿ. ಅದಿಲ್ಲದೆ ಕೂರಿಸಿದರೆ ರಸ್ತೆಯ ಪ್ರತಿ ಹೊಂಡದ ಪೆಟ್ಟೂ ನೇರ ಪ್ಲಾಸ್ಟಿಕ್ ಟ್ಯಾಂಕಿಗೆ. ನನ್ನ ಮೊದಲನೆಯ ರೇಡಿಯೇಟರ್ ಒಡೆದದ್ದು ಹಾಗೆಯೇ ಎಂದು ಬಿಚ್ಚಿದ ಮೇಲೆ ಗೊತ್ತಾಯಿತು: ಒಂದು ಬುಷ್ಷು ಇರಲೇ ಇಲ್ಲ, ಆ ಬದಿಯ ಗೂಟ ಕಬ್ಬಿಣಕ್ಕೆ ಉಜ್ಜಿ ಅರ್ಧ ಸವೆದಿತ್ತು.

7. ಕೂರಿಸುವುದು

ಹಳೆಯದನ್ನೂ ಹೊಸದನ್ನೂ ಗೋಡೆಗೆ ಒರಗಿಸಿ ಪಕ್ಕಪಕ್ಕ ಇಟ್ಟು ನೋಡಿ. ಹೋಸಿನ ಬಾಯಿಗಳ ಅಗಲ, ಗೂಟಗಳ ಅಂತರ, ಶ್ರೌಡ್ ಕಟ್ಟುವ ತೂತುಗಳು, ಸೆನ್ಸರ್ ಕೂರುವ ಜಾಗ ಒಂದೊಂದಾಗಿ ಹೋಲಿಸಿ. ತಪ್ಪಿದ್ದರೆ ಕೂಲಂಟ್ ತಾಗುವ ಮೊದಲೇ ಅಂಗಡಿಗೆ ವಾಪಸು ಕೊಡಬಹುದು.

ಕಂಡೆನ್ಸರಿನ ಹಿಂಬದಿ ಹೀಗೆ ಕೈಗೆ ಸಿಗುವುದು ಈಗ ಮಾತ್ರ. ಅಲ್ಲಿ ಕೂತ ಕೆಂಪು ಧೂಳು, ಹುಳು, ಉಪ್ಪನ್ನು ಮೆತ್ತನೆಯ ಬ್ರಷ್ಷಿನಲ್ಲಿ ತೆಗೆದು, ಹಿಂದಿನಿಂದ ಮುಂದಕ್ಕೆ ನೀರು ಹಾಯಿಸಿ. ಪ್ರೆಶರ್ ಗನ್ ಬೇಡ, ರೆಕ್ಕೆ ಮಡಚುತ್ತದೆ.

ಹೊಸ ಜಾಲರಿಯ ಎರಡೂ ಬದಿಗೆ ರಟ್ಟು ಅಂಟಿಸಿ ಇಳಿಸಿ. ಫ್ಯಾನಿನ ಎಲೆ ಒಂದು ಸಲ ಗೀರಿದರೆ ಹೊಸದೇ ಸೋರುತ್ತದೆ. ಕೂತ ಮೇಲೆ ರಟ್ಟು ಎಳೆದು ತೆಗೆಯಿರಿ. ನಗಬೇಡಿ, ಮರೆತವರಿದ್ದಾರೆ. ಹೋಸಿನ ತುದಿಗೆ ಸಾಬೂನಿನ ನೀರು ಸವರಿದರೆ ಜಾರಿ ಕೂರುತ್ತದೆ. ಗ್ರೀಸು, ಎಣ್ಣೆ ಹಚ್ಚಿದರೆ ರಬ್ಬರ್ ಉಬ್ಬುತ್ತದೆ. ಕೊಳವೆಯ ಬಾಯಲ್ಲಿ ಒಂದು ಉಬ್ಬು ಬಳೆ ಇರುತ್ತದೆ, ಹೋಸು ಅದನ್ನು ದಾಟಬೇಕು, ಕ್ಲಿಪ್ಪು ಬಳೆಯ ಆಚೆ ಬರಬೇಕು. ಕ್ಲಿಪ್ಪಿನಂಚಿನಲ್ಲಿ ರಬ್ಬರ್ ತುಸು ಉಬ್ಬಿದರೆ ಬಿಗಿ ಸಾಕು. ಮೈಯೆಲ್ಲ ಶಕ್ತಿ ಹಾಕಿದರೆ ಪ್ಲಾಸ್ಟಿಕ್ ಬಾಯಿ ಬಿರುಕು ಬಿಡುತ್ತದೆ.

8. ತುಂಬುವುದು, ಗಾಳಿ ಬಿಡಿಸುವುದು

ಅರ್ಧಕ್ಕರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ನೀರು. ಹಸಿರಿಗೆ ಗುಲಾಬಿ ಬೆರೆಸಬೇಡಿ. ಒಳಗಿನ ರಾಸಾಯನಿಕ ಬೇರೆ ಇದ್ದರೆ ಗಸಿ ಕಟ್ಟುತ್ತದೆ. ಬಣ್ಣ ಒಂದೇ ಆದರೂ ಒಳಗಿನದು ಒಂದೇ ಎನ್ನುವಂತಿಲ್ಲ, ಗಾಡಿಯ ಪುಸ್ತಕದಲ್ಲಿ ಬರೆದ ದರ್ಜೆ ನೋಡಿ.

ಸಾಧ್ಯವಾದರೆ ಗಾಡಿಯ ಮೂತಿ ಸ್ವಲ್ಪ ಎತ್ತರವಾಗುವಂತೆ ನಿಲ್ಲಿಸಿ ಚಕ್ರಗಳಿಗೆ ಮತ್ತೆ ಕಲ್ಲು ಕೊಡಿ, ಗಾಳಿ ಮೇಲಕ್ಕೆ ಹೋಗುವುದಲ್ಲವೇ. ನಿಧಾನ ಸುರಿಯಿರಿ. ನಡುನಡುವೆ ಮೇಲಿನ ಹೋಸನ್ನು ಹಿಂಡಿ, ಗುಳುಗುಳು ಎಂದು ಗುಳ್ಳೆ ಬಂದು ಮಟ್ಟ ಇಳಿಯುತ್ತದೆ, ಮತ್ತೆ ಸುರಿಯಿರಿ. ಗಾಳಿ ಬಿಡುವ ತಿರುಪು ಇರುವ ಗಾಡಿಯಾದರೆ ಗುಳ್ಳೆ ನಿಂತು ಬರಿ ಕೂಲಂಟ್ ಬರುವವರೆಗೆ ಅದನ್ನು ತೆರೆದಿಡಿ.

ಬ್ಯಾಟರಿ ಜೋಡಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ (ಸೆಖೆಗೆ ಬೈಯಬೇಡಿ, ಹೀಟರಿನ ನಾಳದ ಗಾಳಿಯೂ ಹೊರಗೆ ಬರಬೇಕು), ಮುಚ್ಚಳ ತೆರೆದೇ ಎಂಜಿನ್ ಶುರು ಮಾಡಿ, ಐಡಲಿನಲ್ಲಿ ಬಿಡಿ. ಮುಖವನ್ನು ರೇಡಿಯೇಟರಿನ ಬಾಯಿಯ ಮೇಲೆ ತರಬೇಡಿ. ಮೊದಲು ಮೇಲಿನ ಹೋಸು ತಣ್ಣಗೇ ಇರುತ್ತದೆ. ಎಂಜಿನ್ ಸುಮಾರು 80ರಿಂದ 88 ಡಿಗ್ರಿ ಮುಟ್ಟಿದಾಗ ಥರ್ಮೋಸ್ಟಾಟ್, ಅಂದರೆ ಬಿಸಿಗೆ ತಾನಾಗಿ ತೆರೆಯುವ ಬಾಗಿಲು, ತೆರೆದುಕೊಳ್ಳುತ್ತದೆ. ಹೋಸು ಒಮ್ಮೆಲೇ ಬಿಸಿಯಾಗುತ್ತದೆ, ಮಟ್ಟ ಸರಕ್ಕನೆ ಇಳಿಯುತ್ತದೆ. ಆಗ ತುಂಬಿ, ಮುಚ್ಚಳ ಹಾಕಿ. ಥರ್ಮೋಸ್ಟಾಟ್ ತೆರೆಯುವ ಮೊದಲೇ ‘ತುಂಬಿತು’ ಎಂದು ಮುಚ್ಚಳ ಹಾಕಿ ಹೊರಡುವುದೇ ಎಲ್ಲರೂ ಮಾಡುವ ತಪ್ಪು. ಇನ್ನು ಕೆಲವು ಗಾಡಿಗಳಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇರುವುದಿಲ್ಲ, ಪಕ್ಕದ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ತುಂಬಬೇಕು. ಕ್ರಮ ಇದೇ.

ಈಗ ಬಂಪರಿನ ಮೇಲಿನ ಸಂಖ್ಯೆ ನೋಡಿ. 8 ಲೀಟರ್ ಇಳಿಸಿ 6 ಮಾತ್ರ ಹಿಡಿದಿದ್ದರೆ ಉಳಿದ 2 ಲೀಟರಿನ ಜಾಗದಲ್ಲಿ ಗಾಳಿ ಕೂತಿದೆ. ಹೊರಡಬೇಡಿ. ತಣಿಯಲು ಬಿಟ್ಟು ಮತ್ತೆ ಮೊದಲಿನಿಂದ. ಸ್ನಾನದ ನೀರನ್ನು ಎಂಜಿನ್ ಬಿಸಿಯಲ್ಲೇ ಕಾಯಿಸುವ ಕಾಯಿಲ್ ಕಟ್ಟಿಸಿಕೊಂಡ ಕ್ಯಾಂಪರಾದರೆ, ಹಿಂದಿನವರೆಗೆ ಓಡುವ ಆ ಉದ್ದನೆಯ ಪೈಪುಗಳಲ್ಲಿ ಗಾಳಿ ಖಂಡಿತ ಸಿಕ್ಕಿರುತ್ತದೆ. ಎರಡು ಮೂರು ಸಲ ಬಿಸಿ ಮಾಡಿ ತಣಿಸಬೇಕಾದೀತು.

9. ಓಡಿಸಿ ನೋಡುವುದು

ಮೊದಲ ದಿನವೇ ಘಟ್ಟಕ್ಕೆ ಹೋಗಬೇಡಿ. ಕುಮಟಾದಿಂದ ಹೊನ್ನಾವರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 20 ಕಿಲೋಮೀಟರ್, ಹೆಚ್ಚು ಏರಿಲ್ಲ. ನಾನು ಹೋಗಿಬರುವುದು ಅಷ್ಟು. ಬಂದು ಪೂರ್ತಿ ತಣಿದ ಮೇಲೆ ಮಟ್ಟ ನೋಡಿ ತುಂಬಿ, ಪತ್ರಿಕೆ ಹಾಸಿ. ಎರಡು ಮೂರು ಬೆಳಿಗ್ಗೆ ಪತ್ರಿಕೆ ಒಣಗಿಯೇ ಇದ್ದರೆ ಆಮೇಲೆ ಶಿರಸಿ. ಅದು ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ಏರಿನ ಬಹುಪಾಲು ದೇವಿಮನೆಯಲ್ಲೇ ಬರುತ್ತದೆ. ಗಾಡಿ ನಿಧಾನ, ಗಾಳಿ ಕಡಿಮೆ, ಎಂಜಿನ್ನಿನ ದುಡಿತ ಜಾಸ್ತಿ. ಕೆಳಗಿನ ಗೇರಿನಲ್ಲೇ ಹೋಗಿ, ಎಸಿ ಆಫ್ ಮಾಡಿ.

ಸೂಜಿ ಏರಿದರೆ ಹೀಟರ್ ಹಾಕಿ, ಬದಿಗೆ ನಿಲ್ಲಿಸಿ. ಕೂಲಂಟ್ ಒಳಗೇ ಇದ್ದರೆ ಎಂಜಿನ್ ಐಡಲಿನಲ್ಲಿ ಓಡಲಿ, ಪಂಪು-ಫ್ಯಾನು ತಣಿಸುತ್ತವೆ. ಹೋಸು ಹರಿದು ಕೂಲಂಟ್ ಸುರಿದುಹೋಗಿದ್ದರೆ ಆ ಕ್ಷಣವೇ ಎಂಜಿನ್ ಬಂದ್ ಮಾಡಿ. ತೊರೆಯ ತಣ್ಣೀರು ತಂದು ಬಿಸಿ ಎಂಜಿನ್ನಿಗೆ ಸುರಿಯಬೇಡಿ, ಹೆಡ್ ಬಿರುಕು ಬಿಟ್ಟರೆ ರೇಡಿಯೇಟರಿನ ಖರ್ಚು ಏನೂ ಅಲ್ಲ ಎನಿಸುತ್ತದೆ.

ಹೊಸ ಜಾಲರಿ ಬಾಳಿಕೆ ಬರಬೇಕೆಂದರೆ ಬೀಚಿನಲ್ಲಿ ನಿಲ್ಲಿಸುವಾಗ ಮೂತಿಯನ್ನು ಸಮುದ್ರಕ್ಕೆ ಮಾಡಬೇಡಿ, ನೋಟಕ್ಕೆ ಹಿಂದಿನ ಬಾಗಿಲು ತೆರೆದುಕೊಳ್ಳಿ. ಮನೆಗೆ ಬಂದ ದಿನ, ಎಂಜಿನ್ ತಣಿದ ಮೇಲೆ, ಗ್ರಿಲ್ಲಿನೊಳಗೆ ಎರಡು ಬಕೆಟ್ ಸಿಹಿನೀರು ಹಾಯಿಸಿ. ಹಳೆಯ ರೇಡಿಯೇಟರನ್ನು ಗುಜರಿಗೆ ಹಾಕುವಾಗ ಪ್ಲಾಸ್ಟಿಕ್ ಟ್ಯಾಂಕು ಕಿತ್ತು ಅಲ್ಯೂಮಿನಿಯಂ ಬೇರೆ ಮಾಡಿ ಕೊಡಿ. ತಾಮ್ರದ್ದಾದರೆ ತಕ್ಕಡಿಯ ಮುಂದೆ ನೀವೇ ನಿಂತಿರಿ.